ಗಡಿನಾಡಿನ ಮಾಜಿ ಸೈನಿಕರ ಪ್ರಶ್ನೆಗಳು: ಪಿಂಚಣಿ, ಚಿಕಿತ್ಸೆ, ಕಾಗದಪತ್ರ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಮಾಜಿ ಸೈನಿಕರಿಂದಲೂ ಅವರ ಮನೆಯವರಿಂದಲೂ ಬಂದ ಪತ್ರಗಳಲ್ಲಿ ಹಲವರಿಗೆ ಉಪಯೋಗವಾಗುವಂಥವನ್ನು ಇಲ್ಲಿ ಆರಿಸಿದ್ದೇವೆ. ಹೆಸರು ಹಾಕಿಲ್ಲ, ಊರು ಮಾತ್ರ ಇದೆ.

ನವೆಂಬರಿನಲ್ಲಿ ಅಕ್ಷಯ ಕೇಂದ್ರಕ್ಕೆ ಹೋಗಿ ಜೀವನ ಪ್ರಮಾಣ (ಬದುಕಿದ್ದೇನೆ ಎಂಬ ವರ್ಷದ ದಾಖಲೆ) ಮಾಡಿಸಿದ್ದೆ. ಮೊಬೈಲಿಗೆ ಮೆಸೇಜೂ ಬಂದಿತ್ತು. ಆದರೂ ಪಿಂಚಣಿ ನಿಂತಿದೆ. ಬ್ಯಾಂಕಿನವರು ‘ನಮ್ಮ ಕೈಯಲ್ಲಿ ಏನೂ ಇಲ್ಲ’ ಎನ್ನುತ್ತಾರೆ. ಯಾರನ್ನು ಕೇಳಲಿ? (ಬದಿಯಡ್ಕ)

ಬ್ಯಾಂಕಿನವರು ಹೇಳಿದ್ದು ಸರಿ. ನಿಮ್ಮ ಪಿಂಚಣಿ ‘ಸ್ಪರ್ಶ್’ ಎಂಬ ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಗೆ ಸೇರಿದ್ದರೆ ಹಣ ಪ್ರಯಾಗರಾಜದ ಪಿಸಿಡಿಎ (ಪೆನ್ಶನ್ಸ್) ಎಂಬ ರಕ್ಷಣಾ ಲೆಕ್ಕಪತ್ರ ಕಚೇರಿಯಿಂದ ನೇರವಾಗಿ ಖಾತೆಗೆ ಬೀಳುತ್ತದೆ. ಅದನ್ನು ತಡೆಯುವುದಾಗಲಿ ಬಿಡುವುದಾಗಲಿ ಶಾಖೆಯ ಕೆಲಸವಲ್ಲ.

ಇಂಥ ದೂರುಗಳಲ್ಲಿ ತಪ್ಪು ಹೆಚ್ಚಾಗಿ ಒಂದೇ ಜಾಗದಲ್ಲಿರುತ್ತದೆ. ಜೀವನ ಪ್ರಮಾಣದ ಅರ್ಜಿಯಲ್ಲಿ ಪಿಂಚಣಿ ಮಂಜೂರು ಮಾಡಿದವರು ಯಾರು, ವಿತರಿಸುವವರು ಯಾರು ಎಂದು ಎರಡು ಕಡೆ ಕೇಳುತ್ತದೆ. ಅಕ್ಷಯ ಕೇಂದ್ರದ ಹುಡುಗರು ದಿನವಿಡೀ ರಾಜ್ಯ ಸರಕಾರದ ಪಿಂಚಣಿದಾರರ ಕೆಲಸ ಮಾಡಿ ರೂಢಿಯಾದವರು. ವಿತರಿಸುವವರ ಜಾಗದಲ್ಲಿ ಅವರು ನಿಮ್ಮ ಬ್ಯಾಂಕಿನ ಹೆಸರನ್ನು ಒತ್ತಿಬಿಡುತ್ತಾರೆ. ಬೆರಳಚ್ಚು ಹೊಂದಿಕೆಯಾಗುತ್ತದೆ, ಪ್ರಮಾಣ ಸಂಖ್ಯೆ ಹುಟ್ಟುತ್ತದೆ, ಮೆಸೇಜೂ ಬರುತ್ತದೆ. ಆದರೆ ಪ್ರಮಾಣಪತ್ರ ಹೋಗಬೇಕಾದ ಕಡೆ ಹೋಗಿರುವುದಿಲ್ಲ. ಭೂಸೇನೆಯವರಾದರೆ ಮಂಜೂರು ಮಾಡಿದವರು ‘ಡಿಫೆನ್ಸ್, ಪಿಸಿಡಿಎ (ಪಿ) ಅಲಹಾಬಾದ್’, ವಿತರಿಸುವವರು ‘ಸ್ಪರ್ಶ್, ಪಿಸಿಡಿಎ (ಪೆನ್ಶನ್ಸ್) ಅಲಹಾಬಾದ್’ ಎಂದಿರಬೇಕು. ಊರಿನ ಹೆಸರು ಬದಲಾದರೂ ಪಟ್ಟಿಯಲ್ಲಿ ಹಳೆಯ ಹೆಸರೇ ಉಳಿದಿದೆ, ಅದಕ್ಕೆ ಗಾಬರಿಯಾಗಬೇಡಿ. ನೌಕಾಪಡೆ, ವಾಯುಪಡೆಯವರಿಗೆ ಮಂಜೂರು ಮಾಡಿದ ಕಚೇರಿ ಬೇರೆ, ವಿತರಿಸುವುದು ಮಾತ್ರ ಅದೇ ಸ್ಪರ್ಶ್.

ಎರಡನೆಯ ತಪ್ಪು ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆಯದು. ಡಿಸ್ಚಾರ್ಜ್ ಬುಕ್ಕಿನ ಜತೆ ಇಟ್ಟುಕೊಂಡ ಹಳೆಯ ಪಿಪಿಒದ ಸಂಖ್ಯೆ ಬೇರೆ, ಸ್ಪರ್ಶ್‌ಗೆ ಬಂದ ಮೇಲೆ ಕೊಟ್ಟ 12 ಅಂಕಿಯ ಸಂಖ್ಯೆ ಬೇರೆ. ಹೊಸದನ್ನೇ ಹಾಕಿ.

ಈಗ ಮಾಡಬೇಕಾದ್ದು: ಮತ್ತೊಮ್ಮೆ ಜೀವನ ಪ್ರಮಾಣ ಮಾಡಿಸಿ, ಈ ಎರಡು ಜಾಗಗಳನ್ನು ನೀವೇ ಓದಿ ನೋಡಿ, ಆಮೇಲೆ ಬೆರಳು ಇಡಿ. ಅಡಿಕೆ ಸುಲಿದು, ಗೇರುಬೀಜದ ಸೊನೆ ತಾಗಿ ಬೆರಳು ಸವೆದವರಿಗೆ ಯಂತ್ರ ಹತ್ತು ಸಲ ‘ಇಲ್ಲ’ ಎನ್ನುತ್ತದೆ. ಅವರು ಮೊಬೈಲಿನಲ್ಲಿ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ ಪ್ರಮಾಣ ಆ್ಯಪ್ ಹಾಕಿ ಮುಖ ತೋರಿಸಿಯೂ ಮಾಡಬಹುದು. ಬೆಳಕು ಎದುರಿನಿಂದ ಬೀಳಲಿ, ಕನ್ನಡಕ ತೆಗೆಯಿರಿ, ರೆಪ್ಪೆ ಮಿಟುಕಿಸಿ. ನಾಲ್ಕೈದು ದಿನ ಬಿಟ್ಟು ಸ್ಪರ್ಶ್ ಲಾಗಿನ್‌ನಲ್ಲಿ ಮುಂದಿನ ಗುರುತಿನ ದಿನಾಂಕ ಒಂದು ವರ್ಷ ಮುಂದಕ್ಕೆ ಹೋಗಿದೆಯೇ ನೋಡಿ. ಕೆಲಸ ಆಗಿದೆ ಎಂಬುದಕ್ಕೆ ಅದೇ ಸಾಕ್ಷಿ, ಮೊಬೈಲಿನ ಮೆಸೇಜ್ ಸಾಕ್ಷಿಯಲ್ಲ. ಲಾಗಿನ್ ಇಲ್ಲದಿದ್ದರೆ 1800-180-5325 ಎಂಬ ಉಚಿತ ಸಂಖ್ಯೆಗೆ ಪಿಪಿಒ ಎದುರಿಗಿಟ್ಟುಕೊಂಡು ಕರೆ ಮಾಡಿ. ನಿಂತ ತಿಂಗಳುಗಳ ಹಣ ಬಾಕಿ ಸಮೇತ ಬರುತ್ತದೆ, ಮುಳುಗಿ ಹೋಗುವುದಿಲ್ಲ.

ನನ್ನ ಯಜಮಾನರು ತೀರಿಕೊಂಡು ಐದು ತಿಂಗಳಾಯಿತು. ಪಿಪಿಒದಲ್ಲಿ ನನ್ನ ಹೆಸರು ಒಂದು ರೀತಿ, ಆಧಾರಿನಲ್ಲಿ ಇನ್ನೊಂದು ರೀತಿ ಇದೆ. ಕುಟುಂಬ ಪಿಂಚಣಿ ಬಂದಿಲ್ಲ. ಅವರ ಪಿಂಚಣಿ ಎರಡು ತಿಂಗಳು ಖಾತೆಗೆ ಬಿದ್ದಿತ್ತು, ಮಗ ಎಟಿಎಂನಿಂದ ತೆಗೆದ. ತಪ್ಪಾಯಿತೇ? (ಪೆರ್ಲ)

ಅಮ್ಮಾ, ಮೊದಲು ಆ ಹಣದ ವಿಷಯ. ಪಿಂಚಣಿದಾರರು ಗತಿಸಿದ ದಿನದವರೆಗಿನದು ಮಾತ್ರ ಅವರದು. ಅದರ ನಂತರ ಬಿದ್ದದ್ದನ್ನು ಸರಕಾರ ವಾಪಸು ಕೇಳುತ್ತದೆ. ಕಳವು ಎಂದು ಯಾರೂ ಹೇಳುವುದಿಲ್ಲ, ಆದರೆ ನಿಮಗೆ ಬರಬೇಕಾದ ಬಾಕಿಯಲ್ಲಿ ಮುರಿದುಕೊಳ್ಳುತ್ತಾರೆ. ಮರಣದ ಸುದ್ದಿ ಮುಟ್ಟದೆ ಇದ್ದಷ್ಟು ದಿನ ಈ ಗಂಟು ಬೆಳೆಯುತ್ತಾ ಹೋಗುತ್ತದೆ. ಅದಕ್ಕೆ ಮರಣ ಪತ್ರ ಕೈಗೆ ಬಂದ ವಾರದೊಳಗೆ ಸ್ಪರ್ಶ್‌ನಲ್ಲಿ ಮರಣದ ವರದಿ ಹಾಕಿಸಬೇಕು. ಲಾಗಿನ್ ಇಲ್ಲದೆಯೂ ಮುಖಪುಟದಿಂದ ಅದನ್ನು ಮಾಡಬಹುದು. ಮರಣ ಪತ್ರ, ನಿಮ್ಮ ಆಧಾರ್, ಪಾನ್, ನಿಮ್ಮ ಹೆಸರಿನ ಖಾತೆಯ ಪಾಸ್‌ಬುಕ್ಕಿನ ಮೊದಲ ಪುಟ ಬೇಕು.

ಇನ್ನು ಹೆಸರು. ನಮ್ಮ ಜಿಲ್ಲೆಯ ದೊಡ್ಡ ತಲೆನೋವು ಇದು, ಕಾರಣವೂ ನಮ್ಮದೇ. ಭರ್ತಿಯಾಗುವಾಗ ಕನ್ನಡ ಶಾಲೆಯ ಸರ್ಟಿಫಿಕೇಟು ನೋಡಿ ಉತ್ತರ ಭಾರತದ ಗುಮಾಸ್ತರೊಬ್ಬರು ಇಂಗ್ಲಿಷಿನಲ್ಲಿ ಬರೆದಿರುತ್ತಾರೆ. ರೇಶನ್ ಕಾರ್ಡಿನಲ್ಲಿ ಅದೇ ಹೆಸರು ಮಲಯಾಳದಿಂದ ಇಂಗ್ಲಿಷಿಗೆ ಹೋಗಿರುತ್ತದೆ. ‘ಐತಪ್ಪ’ನಿಗೆ ಒಂದು ಕಡೆ ‘ಎಚ್’ ಸೇರುತ್ತದೆ, ಇನ್ನೊಂದು ಕಡೆ ಇಲ್ಲ. ‘ಕುಂಞಿ’ಯನ್ನಂತೂ ನಾಲ್ಕು ರೀತಿ ಬರೆಯುತ್ತಾರೆ. ಮನೆ ಹೆಸರಿನ ಇನಿಶಿಯಲ್ ಮುಂದೆಯೋ ಹಿಂದೆಯೋ ಎಂಬುದು ಬೇರೆ. ಮನೆಯಲ್ಲಿ ಕರೆಯುವ ಹೆಸರನ್ನೇ ಮದುವೆಯ ಸಮಯ ರೆಕಾರ್ಡಿಗೆ ಕೊಟ್ಟವರೂ ಇದ್ದಾರೆ.

ನಿಮ್ಮದು ಇದರಲ್ಲಿ ಯಾವುದು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ. ಅಕ್ಷರದ ವ್ಯತ್ಯಾಸ ಮಾತ್ರವಾದರೆ ವಿಲೇಜ್ ಆಫೀಸರಿಂದ ‘ವನ್ ಆ್ಯಂಡ್ ಸೇಮ್’ ಸರ್ಟಿಫಿಕೇಟು ತೆಗೆಯಿರಿ. ಎರಡೂ ಹೆಸರು ಒಬ್ಬರದ್ದೇ ಎಂದು ದೃಢೀಕರಿಸುವ ಕಾಗದ ಅದು, ಅಕ್ಷಯದಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಪಿಪಿಒದಲ್ಲಿರುವ ಸ್ಪೆಲ್ಲಿಂಗೂ ಆಧಾರಿನ ಸ್ಪೆಲ್ಲಿಂಗೂ ಅದರಲ್ಲಿ ಅಕ್ಷರಕ್ಷರ ಹಾಗೆಯೇ ಇರಬೇಕು. ಇಂಗ್ಲಿಷಿನಲ್ಲೇ ಕೇಳಿ. ಮಲಯಾಳದಲ್ಲಿ ಕೊಟ್ಟರೆ ಪ್ರಯಾಗರಾಜದಲ್ಲಿ ಓದುವವರಿಲ್ಲದೆ ತಿರುಗಿ ಬರುತ್ತದೆ.

ಹೆಸರೇ ಬೇರೆಯಾಗಿದ್ದರೆ ಅಥವಾ ಮದುವೆಯೇ ರೆಕಾರ್ಡಿನಲ್ಲಿ ಇಲ್ಲದಿದ್ದರೆ ಅದು ಸ್ಪರ್ಶ್‌ನಲ್ಲಿ ತೀರುವ ಕೆಲಸವಲ್ಲ. ಯಜಮಾನರ ರೆಜಿಮೆಂಟಿನ ರೆಕಾರ್ಡ್ ಆಫೀಸಿನಲ್ಲಿ ಸರಿಯಾಗಬೇಕು, ಅವರು ಹೇಳಿದ ಮೇಲೆ ತಿದ್ದುಪಡಿ ಪಿಪಿಒ ಹೊರಡುತ್ತದೆ. ಮದ್ರಾಸ್ ರೆಜಿಮೆಂಟ್ ಆದರೆ ನೀಲಗಿರಿಯ ವೆಲ್ಲಿಂಗ್ಟನ್, ಆರ್ಟಿಲರಿ ಆದರೆ ನಾಸಿಕ್ ರೋಡ್, ಸಿಗ್ನಲ್ಸ್ ಜಬಲ್ಪುರ, ಇಎಂಇ ಸಿಕಂದರಾಬಾದ್, ನೌಕಾಪಡೆಯ ನಾವಿಕರಿಗೆ ಮುಂಬಯಿಯ ಮಾನ್‌ಖುರ್ದ್, ವಾಯುಪಡೆಗೆ ದಿಲ್ಲಿಯ ಸುಬ್ರೊತೊ ಪಾರ್ಕ್. ಅರ್ಜಿಯನ್ನು ನೇರ ಅಂಚೆಗೆ ಹಾಕಬೇಡಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಕಳಿಸಿ. ಮ್ಯಾಜಿಸ್ಟ್ರೇಟರ ಎದುರು ಮಾಡಿದ ಅಫಿದವಿತ್, ಮದುವೆಯ ನೋಂದಣಿ ಪತ್ರ, ಜತೆಗಿರುವ ಫೋಟೊ, ಮಕ್ಕಳ ಜನನ ಪತ್ರ, ಡಿಸ್ಚಾರ್ಜ್ ಬುಕ್ಕಿನ ಪ್ರತಿ ಲಗತ್ತಿಸಿ. ಆರ್ಮಿ ನಂಬರ್ ಪ್ರತಿ ಹಾಳೆಯ ತಲೆಯಲ್ಲೂ ಇರಲಿ. ನಂಬರಿಲ್ಲದ ಹಾಳೆ ಅಲ್ಲಿ ಅನಾಥ.

ಕೆಲವು ಮಧ್ಯವರ್ತಿಗಳು ಮೊದಲ ದಿನವೇ ತಹಶೀಲ್ದಾರರ ವಾರಸುದಾರಿಕೆ ಪತ್ರಕ್ಕೆ ಓಡಿಸುತ್ತಾರೆ. ಅದಕ್ಕೆ ಗೆಜೆಟ್ ಪ್ರಕಟಣೆ, ಆಕ್ಷೇಪಣೆಯ ಕಾಲ ಎಂದು ತಿಂಗಳುಗಟ್ಟಲೆ ಹೋಗುತ್ತದೆ. ಪಿಪಿಒದಲ್ಲಿ ಹೆಂಡತಿಯ ಹೆಸರು ಸರಿಯಾಗಿ ಇದ್ದರೆ ಕುಟುಂಬ ಪಿಂಚಣಿಗೆ ಅದು ಬೇಡ.

ಸಾಮಾನ್ಯ ಕುಟುಂಬ ಪಿಂಚಣಿ ಕೊನೆಯ ವೇತನದ ಶೇ. 30, ಕನಿಷ್ಠ 9,000 ರೂಪಾಯಿ, ಅದರ ಮೇಲೆ ತುಟ್ಟಿ ಪರಿಹಾರ. ನಿವೃತ್ತಿಯ ನಂತರ ತೀರಿಕೊಂಡವರಾದರೆ 7 ವರ್ಷ ಅಥವಾ ಅವರಿಗೆ 67 ತುಂಬುತ್ತಿದ್ದ ದಿನ, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿನ ದರ ಸಿಗುತ್ತದೆ. ನಿಮಗೇ 80 ತುಂಬಿದಾಗ ಶೇ. 20 ಸೇರುತ್ತದೆ. ಆಧಾರಿನಲ್ಲಿ ಹುಟ್ಟಿದ ತಾರೀಕು ಅಂದಾಜಿನದ್ದಾದರೆ ಆಗ ಗೋಳು ಖಂಡಿತ, ಈಗಲೇ ನೋಡಿಕೊಳ್ಳಿ. ಇನ್ನೊಂದು: ಯಜಮಾನರು ಸೇನೆಯಿಂದ ಬಂದ ಮೇಲೆ ಸರಕಾರಿ ಕೆಲಸ ಮಾಡಿ ಅಲ್ಲಿಂದಲೂ ಪಿಂಚಣಿ ಪಡೆದಿದ್ದರೆ ಎರಡೂ ಕಡೆಯ ಕುಟುಂಬ ಪಿಂಚಣಿಗೆ ನೀವು ಅರ್ಹರು. 2012ರ ಸೆಪ್ಟೆಂಬರ್ 24ರಿಂದ ಈ ನಿಯಮ ಇದೆ. ಒಂದನ್ನೇ ಪಡೆಯುತ್ತಾ ಸುಮ್ಮನಿರುವ ಅಮ್ಮಂದಿರು ಕೇಳಿ ನೋಡಬೇಕು.

ಮನೆ ಉಪ್ಪಳದಲ್ಲಿ. ಸೇನೆಗೆ ಸೇರಿದ್ದು ಮಂಗಳೂರಿನಿಂದ, ಹೆಸರು ನೋಂದಾಯಿಸಿದ್ದೂ ಅಲ್ಲೇ. ಈಗ ಕರ್ನಾಟಕದವರು ‘ನೀವು ಕೇರಳ’ ಎನ್ನುತ್ತಾರೆ, ಕೇರಳದವರು ‘ನಿಮ್ಮ ಕಾರ್ಡು ಕರ್ನಾಟಕದ್ದು’ ಎನ್ನುತ್ತಾರೆ. (ಉಪ್ಪಳ)

ಎರಡು ಬಗೆಯ ಸವಲತ್ತುಗಳನ್ನು ಬೇರೆ ಮಾಡಿ ನೋಡಿದರೆ ಗೊಂದಲ ಅರ್ಧ ಇಳಿಯುತ್ತದೆ. ಪಿಂಚಣಿ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆ, ಕೇಂದ್ರೀಯ ಸೈನಿಕ ಬೋರ್ಡಿನ ಸಹಾಯಧನ ಇವು ಕೇಂದ್ರದವು, ನೀವು ಯಾವ ರಾಜ್ಯದಲ್ಲಿದ್ದರೂ ಒಂದೇ. ರಾಜ್ಯದ ಸವಲತ್ತುಗಳು ವಾಸದ ರಾಜ್ಯದವು. ನಿಮ್ಮ ರೇಶನ್ ಕಾರ್ಡು, ಮತ, ಮನೆ ಎಲ್ಲ ಕೇರಳದಲ್ಲಿದ್ದರೆ ನೋಂದಣಿಯನ್ನು ಕಾಸರಗೋಡಿಗೆ ವರ್ಗಾಯಿಸುವುದೇ ಸರಿ. ಮಂಗಳೂರಿನ ಸೈನಿಕ ಕಲ್ಯಾಣ ಕಚೇರಿಗೆ ವರ್ಗಾವಣೆಯ ಅರ್ಜಿ ಕೊಟ್ಟು, ಡಿಸ್ಚಾರ್ಜ್ ಬುಕ್, ಗುರುತಿನ ಚೀಟಿ, ವಾಸದ ದಾಖಲೆ ತೋರಿಸಿ, ಕಡತ ಕಳಿಸಿದ ಪತ್ರದ ಪ್ರತಿ ಕೇಳಿ ಪಡೆಯಿರಿ. ಪ್ರತಿ ಕೈಯಲ್ಲಿಲ್ಲದಿದ್ದರೆ ಎರಡು ಕಚೇರಿಗಳ ನಡುವೆ ಕಡತ ಗಡಿಯ ತಲಪಾಡಿಯಲ್ಲೇ ಉಳಿಯುತ್ತದೆ. ಎರಡೂ ಕಡೆ ಹೆಸರು ಇಟ್ಟುಕೊಳ್ಳುವ ಆಸೆ ಬೇಡ.

ಆದರೆ ಇಸಿಎಚ್‌ಎಸ್‌ಗೆ ಈ ಗಡಿ ಇಲ್ಲ. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರೇ ಹತ್ತಿರ. ‘ಪೇರೆಂಟ್ ಪಾಲಿಕ್ಲಿನಿಕ್’ (ನಿಮ್ಮ ಹೆಸರು ಸೇರಿರುವ ಇಸಿಎಚ್‌ಎಸ್ ಚಿಕಿತ್ಸಾಲಯ) ಆಗಿ ಮಂಗಳೂರನ್ನು ಇಟ್ಟುಕೊಳ್ಳಬಹುದು, ವಿಳಾಸ ಕೇರಳದ್ದಾದರೂ ಅಡ್ಡಿಯಿಲ್ಲ. ಕಾರ್ಡು ತೋರಿಸಿ ಬೇರೆ ಪಾಲಿಕ್ಲಿನಿಕ್ಕಿಗೂ ಹೋಗಬಹುದು, ಆದರೆ ಸಕ್ಕರೆ, ರಕ್ತದೊತ್ತಡದ ತಿಂಗಳ ಮದ್ದು ಪೇರೆಂಟ್ ಪಾಲಿಕ್ಲಿನಿಕ್ಕಿನಲ್ಲಿ ಸಿಗುವುದು ಸಲೀಸು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ಅದಕ್ಕಾಗಿ ಕೈಯಲ್ಲಿ ಒಂದು ತಿಂಗಳ ಮದ್ದು ಹೆಚ್ಚುವರಿಯಾಗಿ ಇರಲಿ ಎಂಬುದು ನಮ್ಮ ಸಲಹೆ.

ರಾತ್ರಿ ಎದೆನೋವು ಬಂದು ತಂದೆಯನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅದು ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲ. ಸ್ಟೆಂಟ್ ಹಾಕಿದರು, ಬಿಲ್ಲು ಕಟ್ಟಿದೆವು. ಪೂರ್ತಿ ಹಣ ಬರುತ್ತದೆಯೇ? (ಕುಂಬಳೆ)

ಬರುತ್ತದೆ, ಪೂರ್ತಿ ಬರುವುದಿಲ್ಲ. ಪಟ್ಟಿಯಲ್ಲಿಲ್ಲದ ಆಸ್ಪತ್ರೆಯಾದರೂ ತುರ್ತು ಸ್ಥಿತಿಯಾಗಿದ್ದರೆ ಮರುಪಾವತಿ ಇದೆ. ಆದರೆ ಸಿಜಿಎಚ್‌ಎಸ್ (ಕೇಂದ್ರ ಸರಕಾರದ ಆರೋಗ್ಯ ಯೋಜನೆ) ದರದಲ್ಲಿ ಮಾತ್ರ. ಉದಾಹರಣೆಗೆ ಬಿಲ್ಲು 2 ಲಕ್ಷ, ದರದ ಪ್ರಕಾರ 1 ಲಕ್ಷ 20 ಸಾವಿರ ಎಂದಾದರೆ ಉಳಿದ 80 ಸಾವಿರ ನಿಮ್ಮ ಕೈಯಿಂದಲೇ.

ಇದರಲ್ಲಿ ತಪ್ಪುವುದು ಹೆಚ್ಚಾಗಿ ಮೊದಲ ಎರಡು ದಿನಗಳಲ್ಲಿ. ದಾಖಲಾದ ಎರಡು ದಿನದೊಳಗೆ ಹತ್ತಿರದ ಪಾಲಿಕ್ಲಿನಿಕ್ಕಿಗೆ ಸುದ್ದಿ ಮುಟ್ಟಿಸಬೇಕು. ರೋಗಿ ಐಸಿಯುವಿನಲ್ಲಿರುವಾಗ ಮನೆಯವರಿಗೆ ಇದೆಲ್ಲ ಎಲ್ಲಿ ನೆನಪಾಗುತ್ತದೆ! ಅದಕ್ಕೇ ಪಾಲಿಕ್ಲಿನಿಕ್ಕಿನ ಫೋನ್ ನಂಬರನ್ನು ಕಾರ್ಡಿನ ಹಿಂಬದಿಗೆ ಚೀಟಿಯಾಗಿ ಅಂಟಿಸಿಡಿ. ಫೋನಿನಲ್ಲಿ ಹೇಳಿದರೆ ಸಾಲದು, ಇಮೇಲೋ ಬರಹದ ಪತ್ರವೋ ಇರಲಿ. ತಡವಾಗಿದ್ದರೆ ಕಾರಣ ಬರೆದು ಕೊಡಿ, ಬಿಲ್ಲು ಹಾಕುವುದನ್ನೇ ಬಿಡಬೇಡಿ.

ಆಸ್ಪತ್ರೆಯಿಂದ ಹೊರಡುವ ಮೊದಲು ಇಷ್ಟು ಕೇಳಿ ಪಡೆಯಿರಿ: ‘ತುರ್ತಾಗಿ ದಾಖಲಾದರು’ ಎಂದು ಕಾರಣ ಸಮೇತ ಬರೆದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ, ಒಂದೊಂದೂ ಬಿಡಿಸಿ ಬರೆದ ಬಿಲ್ಲು, ಹಣ ಕಟ್ಟಿದ ರಶೀದಿ. ಜನ ಮರೆಯುವುದು ಸ್ಟೆಂಟಿನ ಡಬ್ಬಿಯ ಸ್ಟಿಕ್ಕರ್ ಮತ್ತು ಅದರ ಇನ್‌ವಾಯ್ಸ್. ಅದಿಲ್ಲದೆ ಸ್ಟೆಂಟಿನ ಹಣ ಕಡಿತವಾಗುತ್ತದೆ. ‘ಪ್ಯಾಕೇಜ್’ ಎಂದು ಒಂದೇ ಸಾಲಿನ ಬಿಲ್ಲು ಕೊಟ್ಟರೆ ಒಪ್ಪಬೇಡಿ.

ಪಟ್ಟಿಯಲ್ಲಿರುವ ಆಸ್ಪತ್ರೆಯಲ್ಲಾದರೆ ಕಾರ್ಡನ್ನು ಕೌಂಟರಿನಲ್ಲಿ ಮೊದಲೇ ತೋರಿಸಿ, ಚಿಕಿತ್ಸೆ ನಗದಿಲ್ಲದೆ ಆಗುತ್ತದೆ. ಸಿಪಾಯಿಯಿಂದ ಹವಾಲ್ದಾರವರೆಗೆ ಜನರಲ್ ವಾರ್ಡ್, ನಾಯಿಬ್ ಸುಬೇದಾರರಿಂದ ಸುಬೇದಾರ್ ಮೇಜರವರೆಗೆ ಸೆಮಿ ಪ್ರೈವೇಟ್. ‘ಸ್ವಲ್ಪ ಒಳ್ಳೆಯ ರೂಮು ಕೊಡಿ’ ಎಂದು ಬಾಯಿಮಾತಿನಲ್ಲಿ ಕೇಳಿದರೆ ಹೆಚ್ಚಾದದ್ದಷ್ಟೂ ನಿಮ್ಮ ಲೆಕ್ಕಕ್ಕೆ.

ಮಗನಿಗೆ 25 ಆಯಿತು, ಕೆಲಸ ಸಿಕ್ಕಿಲ್ಲ. ಇಸಿಎಚ್‌ಎಸ್ ಕಾರ್ಡು ಮುಂದುವರಿಯುತ್ತದೆಯೇ? (ಕುಂಬ್ಡಾಜೆ)

ಇಲ್ಲ. ಗಂಡುಮಕ್ಕಳಿಗೆ 25 ವರ್ಷ, ಮದುವೆ, ಸಂಪಾದನೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಗೆ ಮುಗಿಯಿತು. ಹೆಣ್ಣುಮಕ್ಕಳಿಗೆ ವಯಸ್ಸಿನ ಮಿತಿ ಇಲ್ಲ, ಮದುವೆ ಅಥವಾ ಸಂಪಾದನೆಯವರೆಗೆ. ನಿಯಮದ ಪ್ರಕಾರದ ಅಂಗವೈಕಲ್ಯ ಇದ್ದರೆ ಮಗನಿಗೂ ಮುಂದುವರಿಯುತ್ತದೆ.

1979ರಲ್ಲಿ ಸೇರಿ 1986ರಲ್ಲಿ ಮನೆಯ ಕಷ್ಟಕ್ಕೆ ಬಿಟ್ಟು ಬಂದೆ. ಪಿಂಚಣಿ ಇಲ್ಲ. ಈಗ 66. ಏನಾದರೂ ಸಿಗುತ್ತದೆಯೇ? (ಮುಳ್ಳೇರಿಯ)

ಸಿಗುವ ಸಾಧ್ಯತೆ ಚೆನ್ನಾಗಿದೆ. ಕೇಂದ್ರೀಯ ಸೈನಿಕ ಬೋರ್ಡಿನ ‘ಪೆನ್ಯುರಿ ಗ್ರಾಂಟ್’ ನಿಮ್ಮಂಥವರಿಗೇ ಇರುವುದು: ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ಮತ್ತು ಕೆಳಗಿನ ದರ್ಜೆಯ ಮಾಜಿ ಸೈನಿಕರು, ಅವರ ವಿಧವೆಯರು. ತಿಂಗಳಿಗೆ 4,000 ಇದ್ದದ್ದು 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 8,000 ಆಗಿದೆ. ಅದೇ ದಿನದಿಂದ ಮಕ್ಕಳ ವಿದ್ಯಾಭ್ಯಾಸದ ಸಹಾಯ ತಿಂಗಳಿಗೆ 1,000ದಿಂದ 2,000ಕ್ಕೂ (ಇಬ್ಬರು ಮಕ್ಕಳವರೆಗೆ) ಮದುವೆಯ ಸಹಾಯ 50,000ದಿಂದ 1 ಲಕ್ಷಕ್ಕೂ ಏರಿದೆ. ಮದುವೆಯ ಅರ್ಜಿ ಮದುವೆಯಾಗಿ 180 ದಿನದೊಳಗೆ ಹೋಗಬೇಕು. ‘ಗದ್ದಲ ಮುಗಿಯಲಿ’ ಎಂದು ಬಿಟ್ಟು ಅವಧಿ ಕಳೆದುಕೊಳ್ಳಬೇಡಿ.

ನಿಮ್ಮ ವಿಷಯದಲ್ಲಿ ತೀರ್ಮಾನವಾಗುವುದು ಡಿಸ್ಚಾರ್ಜ್ ಬುಕ್ಕಿನ ಎರಡು ಸಾಲುಗಳ ಮೇಲೆ: ಬಿಡುಗಡೆಯ ದಿನಾಂಕ, ಬಿಡುಗಡೆಯ ಕಾರಣ. ‘ಮಾಜಿ ಸೈನಿಕ’ ಎಂಬ ವ್ಯಾಖ್ಯೆ 1979ರ ಜುಲೈ 1ರಂದು ಒಮ್ಮೆ, 1987ರ ಜುಲೈ 1ರಂದು ಇನ್ನೊಮ್ಮೆ ಬದಲಾಗಿದೆ. ನಡುವಿನ ಅವಧಿಯಲ್ಲಿ ಸ್ವಂತ ಕೋರಿಕೆಯಿಂದ ಬಂದವರಿಗೆ ಕನಿಷ್ಠ 5 ವರ್ಷ ಸೇವೆ ಇರಬೇಕು. ನಿಮ್ಮದು ಅದಕ್ಕಿಂತ ಹೆಚ್ಚು. ಅದೇ ನೀವು ಇನ್ನೆರಡು ವರ್ಷ ಕಳೆದು, 1988ರಲ್ಲಿ, ಪಿಂಚಣಿಯಿಲ್ಲದೆ ಸ್ವಂತ ಕೋರಿಕೆಯಿಂದ ಬಂದಿದ್ದರೆ ಉತ್ತರ ಬೇರೆಯೇ ಆಗುತ್ತಿತ್ತು. ನಿಯಮದ ಈ ವಕ್ರತೆ ನ್ಯಾಯವೆಂದು ನಮಗೆ ಅನಿಸುವುದಿಲ್ಲ.

ಮೊದಲು ಜಿಲ್ಲಾ ಕಚೇರಿಯಲ್ಲಿ ಹೆಸರು ನೋಂದಾಯಿಸಿ ಗುರುತಿನ ಚೀಟಿ ಮಾಡಿಸಿ, ಆಮೇಲೆ ಕೇಂದ್ರೀಯ ಸೈನಿಕ ಬೋರ್ಡಿನ ಪೋರ್ಟಲಿನಲ್ಲಿ ಅರ್ಜಿ. ಅರ್ಜಿ ಜಿಲ್ಲೆಯಿಂದ ರಾಜ್ಯ ಬೋರ್ಡಿಗೆ, ಅಲ್ಲಿಂದ ದಿಲ್ಲಿಗೆ ಹೋಗುತ್ತದೆ. ಮಂಜೂರಾದ ಮೇಲೂ ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂಬ ಪತ್ರ ಕೊಡಬೇಕು.

ಫಿರಂಗಿ ದಳದಲ್ಲಿದ್ದೆ. ಕಿವಿ ಮಂದವಾಯಿತು. ಬಿಡುಗಡೆಯ ಮೆಡಿಕಲ್ ಬೋರ್ಡು ಶೇ. 20 ಎಂದು ಬರೆದು, ‘ಸೇವೆಗೆ ಸಂಬಂಧವಿಲ್ಲ’ ಎಂದಿತು. 2011ರಲ್ಲಿ ನಿವೃತ್ತಿ. ಈಗ ಏನಾದರೂ ಮಾಡಬಹುದೇ? (ಮಂಜೇಶ್ವರ)

ಮಾಡಬಹುದು. ಬಾಯಿಮಾತು ಬಿಟ್ಟು ಕಾಗದದಿಂದ ಹೊರಡಬೇಕು. ಮೊದಲ ಹೆಜ್ಜೆ ನಾಸಿಕ್ ರೋಡಿನ ರೆಕಾರ್ಡ್ ಆಫೀಸಿಗೆ ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಮೇತ. ಕೇಳಬೇಕಾದ್ದು ಮೂರು: ಬಿಡುಗಡೆಯ ಮೆಡಿಕಲ್ ಬೋರ್ಡಿನ ಪೂರ್ತಿ ನಡಾವಳಿ (ಎಎಫ್‌ಎಂಎಸ್‌ಎಫ್-16), ಭರ್ತಿಯಾದಾಗಿನ ವೈದ್ಯಕೀಯ ಪರೀಕ್ಷೆಯ ಪತ್ರ, ಅಂಗವೈಕಲ್ಯ ಪಿಂಚಣಿ ತಿರಸ್ಕರಿಸಿದ ಪತ್ರ.

ಭರ್ತಿಯ ಪತ್ರದಲ್ಲಿ ಕಿವಿಯ ದೋಷ ಬರೆದಿಲ್ಲವೇ ಎಂಬುದನ್ನು ನೋಡಿ. ಸೇರುವಾಗ ದಾಖಲಾಗದ ಕಾಯಿಲೆ ಸೇವೆಯಲ್ಲೇ ಬಂದದ್ದೆಂದು ಊಹಿಸಬೇಕು, ಅಲ್ಲವೆಂದರೆ ಬೋರ್ಡು ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ಬೋರ್ಡು ಕಾರಣವಿಲ್ಲದೆ ಒಂದು ಸಾಲು ಗೀಚಿದ್ದರೆ ನಿಮ್ಮ ವಾದಕ್ಕೆ ಅದೇ ಬಲ. ಯಾವ ತುಕಡಿಯಲ್ಲಿ, ಯಾವ ಫೈರಿಂಗ್ ರೇಂಜಿನಲ್ಲಿ ಎಷ್ಟು ವರ್ಷ ಎಂಬ ಪೋಸ್ಟಿಂಗ್ ವಿವರವನ್ನೂ ಜೋಡಿಸಿ. ಸಕ್ಕರೆ ಕಾಯಿಲೆಯವರಿಗಿಂತ ಫಿರಂಗಿಯ ಪಕ್ಕ ನಿಂತವರ ಕಿವಿಯ ಪ್ರಕರಣ ಗಟ್ಟಿ.

ಲೆಕ್ಕ ಹೀಗೆ. ಶೇ. 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇ. 30. ಕೊನೆಯ ವೇತನ 40,000 ಎಂದಿಟ್ಟುಕೊಂಡರೆ ಶೇ. 20ಕ್ಕೆ 2,400. ಆದರೆ ಶೇ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೇ ಎಣಿಸುವ ‘ಬ್ರಾಡ್ ಬ್ಯಾಂಡಿಂಗ್’ ಸೌಲಭ್ಯ ಇದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಸಲ್ಲುತ್ತದೆ ಎಂದು 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ತೀರ್ಪಾಗಿದೆ. ಆಗ ಅದೇ ಕಿವಿಗೆ 6,000. ಶೇ. 20ಕ್ಕಿಂತ ಕೆಳಗೆ ಬರೆದಿದ್ದರೆ ಈ ದಾರಿ ಬಹಳ ಕಡಿದು. 2023ರ ಸೆಪ್ಟೆಂಬರ್ 21ರ ನಂತರ ಬಿಡುಗಡೆಯಾದವರಿಗೆ ಹೊಸ ನಿಯಮಾವಳಿ ಇರುವುದರಿಂದ ಇಲ್ಲಿ ಹೇಳಿದ್ದು ಅವರಿಗೆ ಹಾಗೆಯೇ ಅನ್ವಯಿಸುವುದಿಲ್ಲ.

ಮೇಲ್ಮನವಿಗೆ ತಿರಸ್ಕಾರ ಪತ್ರ ಬಂದ 6 ತಿಂಗಳ ಗಡುವು ಇದೆ. ನಿಮಗದು ಕಳೆದಿದೆ. ವಿಳಂಬ ಮನ್ನಿಸಲು ಕೋರಿ ಮೇಲ್ಮನವಿ ಹಾಕಿ, ಉತ್ತರ ಬಾರದಿದ್ದರೆ ಅಥವಾ ‘ಇಲ್ಲ’ ಎಂದರೆ ಕೊಚ್ಚಿಯಲ್ಲಿರುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಗೆದ್ದರೂ ಹಿಂಬಾಕಿಯನ್ನು ಸಾಮಾನ್ಯವಾಗಿ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ 3 ವರ್ಷಕ್ಕೆ ಸೀಮಿತಗೊಳಿಸುತ್ತಾರೆ. ಹಾಗಾಗಿ ಪ್ರತಿ ತಿಂಗಳ ತಡವೂ ಒಂದು ತಿಂಗಳ ಹಣ. ‘ಪೂರ್ತಿ 14 ವರ್ಷದ್ದು ತೆಗೆಸಿಕೊಡುತ್ತೇನೆ, ಅರ್ಧ ನನಗೆ’ ಎನ್ನುವವರು ಬಂದರೆ ಚಹಾ ಕೊಟ್ಟು ಕಳಿಸಿ.

ಮಗಳು ಇಂಜಿನಿಯರಿಂಗ್ ಎರಡನೆಯ ವರ್ಷ. ಪ್ರಧಾನಮಂತ್ರಿ ವಿದ್ಯಾರ್ಥಿವೇತನಕ್ಕೆ ಈಗ ಹಾಕಬಹುದೇ? (ನೀರ್ಚಾಲು)

ಹೊಸ ಅರ್ಜಿ ಮೊದಲ ವರ್ಷದವರಿಗೆ ಮಾತ್ರ. ತಂಗಿಯೋ ತಮ್ಮನೋ ಇದ್ದರೆ ನೆನಪಿಡಿ: ಹನ್ನೆರಡನೆಯಲ್ಲಿ ಕನಿಷ್ಠ ಶೇ. 60, ವೃತ್ತಿಪರ ಪದವಿ, ಹುಡುಗಿಯರಿಗೆ ತಿಂಗಳಿಗೆ 3,000, ಹುಡುಗರಿಗೆ 2,500. ದೇಶಕ್ಕೆಲ್ಲ ವರ್ಷಕ್ಕೆ 5,500 ಮಂದಿಗೆ.

ಕಚೇರಿಯಲ್ಲಿ ಎಲ್ಲ ಮಲಯಾಳ, ಫಾರಂ ಇಂಗ್ಲಿಷ್. ಕನ್ನಡದಲ್ಲಿ ಅರ್ಜಿ ಕೊಟ್ಟರೆ ತೆಗೆದುಕೊಳ್ಳಬೇಕೇ? ನಮ್ಮ ಕಡೆ ಸೌಲಭ್ಯ ಸುಧಾರಿಸಲು ಯಾರಿಗೆ ಬರೆಯಬೇಕು? (ಪೈವಳಿಕೆ)

ರಾಜ್ಯ ಸರಕಾರದ ಕಚೇರಿಯಾದರೆ ತೆಗೆದುಕೊಳ್ಳಬೇಕು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನ ಪ್ರಕಾರ ಘೋಷಿತ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸ್ಥಳೀಯ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ರಾಜ್ಯದ್ದು. ಪ್ರಯಾಗರಾಜಕ್ಕೋ ರೆಕಾರ್ಡ್ ಆಫೀಸಿಗೋ ಹೋಗುವ ಕಾಗದ ಮಾತ್ರ ಇಂಗ್ಲಿಷಿನಲ್ಲೇ ಇರಲಿ. ಹಕ್ಕು ಸಾಧಿಸಲು ಅದು ಜಾಗವಲ್ಲ, ಅಲ್ಲಿ ಹಣ ಬರುವುದು ಮುಖ್ಯ.

ಸುಧಾರಣೆಗೆ ಬರೆಯುವುದಾದರೆ ಜಿಲ್ಲಾಧಿಕಾರಿಗೆ ಬರೆಯಿರಿ, ಜಿಲ್ಲಾ ಸೈನಿಕ ಬೋರ್ಡಿಗೆ ಅವರೇ ಅಧ್ಯಕ್ಷರು. ‘ಸೌಲಭ್ಯ ಹೆಚ್ಚಿಸಿ’ ಎಂದು ಬರೆದರೆ ‘ಪರಿಶೀಲಿಸಲಾಗುವುದು’ ಎಂಬ ಉತ್ತರ ಬರುತ್ತದೆ. ಅಳೆಯಬಹುದಾದ್ದನ್ನು ಕೇಳಿ: ಮಂಜೇಶ್ವರ ತಾಲೂಕಿನ ಪಂಚಾಯತುಗಳಲ್ಲಿ ಮೂರು ತಿಂಗಳಿಗೊಮ್ಮೆ ಕನ್ನಡ ಬಲ್ಲ ಸಿಬ್ಬಂದಿಯ ಶಿಬಿರ, ತುಂಬಿಸಿ ತೋರಿಸಿದ ಮಾದರಿ ಫಾರಂ ಕನ್ನಡ ವಿವರಣೆಯೊಂದಿಗೆ, ಕೊಟ್ಟ ಪ್ರತಿ ಅರ್ಜಿಗೂ ದಿನಾಂಕವಿರುವ ರಶೀದಿ, ಅರ್ಜಿ ಮರಳಿಸಿದರೆ ಬರಹದಲ್ಲಿ ಕಾರಣ. ಜತೆಗೆ ಮಾಹಿತಿ ಹಕ್ಕಿನಲ್ಲಿ ಕಳೆದ ಮೂರು ವರ್ಷ ಪಂಚಾಯತುವಾರು ಎಷ್ಟು ಅರ್ಜಿ ಬಂತು, ಎಷ್ಟು ಮರಳಿತು, ಏಕೆ ಮರಳಿತು ಎಂದು ಕೇಳಿ. ಆ ಪಟ್ಟಿ ಕೈಯಲ್ಲಿದ್ದರೆ ಮನವಿಗೆ ತೂಕ. ಸಹಾಯಧನದ ಮೊತ್ತ ಈಗ ಇಮ್ಮಡಿಯಾಗಿದೆ, ಆದರೆ ಅದಕ್ಕೆ ಅರ್ಹರಾದವರಲ್ಲಿ ಅರ್ಜಿಯನ್ನೇ ಹಾಕದವರು ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲ ಕೊರತೆ ಅಲ್ಲಿದೆ.

ಡಿಸ್ಚಾರ್ಜ್ ಬುಕ್ಕಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿದಿದೆ. ಲ್ಯಾಮಿನೇಷನ್ ಮಾಡಿಸಲೇ? (ಎಣ್ಮಕಜೆ)

ಬೇಡವೇ ಬೇಡ. ಅದರಲ್ಲಿ ಮುಂದೆಯೂ ಕಚೇರಿಯವರು ಬರೆಯಬೇಕಾಗುತ್ತದೆ, ಮೊಹರು ಒತ್ತಬೇಕಾಗುತ್ತದೆ. ಒಣ ಬಟ್ಟೆಯಲ್ಲಿ ಮೆಲ್ಲಗೆ ಒರಸಿ, ನೆರಳಿನಲ್ಲಿ ಪುಟ ಬಿಡಿಸಿ ಒಣಗಿಸಿ. ಬಿಸಿಲಿಗಿಟ್ಟರೆ ಹಳೆಯ ಶಾಯಿ ಮಾಸುತ್ತದೆ. ಪ್ರತಿ ಪುಟವನ್ನೂ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಒಂದು ಪ್ರತಿ ಮಕ್ಕಳ ಬಳಿ ಇರಲಿ. ಕಾಗದದ ಕವರಿನಲ್ಲಿಟ್ಟು ಅಡುಗೆಕೋಣೆಯ ಅಟ್ಟದ ಕಡೆಯ ಬೆಚ್ಚಗಿನ ಕಪಾಟಿನಲ್ಲಿಡಿ. ಗೋಡೆಗೆ ತಾಗಿದ ಕಬ್ಬಿಣದ ಪೆಟ್ಟಿಗೆ ಆಷಾಢದಲ್ಲಿ ಒಳಗೇ ಬೆವರುತ್ತದೆ.